ಕಾಣದ ಹುಲಿಯ ಪಾಠ

1976ರಲ್ಲಿ ಬಂಡೀಪುರದ ಕಾಡಿಗೆ ಒಬ್ಬ ಕಾಲೇಜು ಮೇಷ್ಟ್ರು ಬಂದರು. ಶಿವಕಾಶಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಎ.ಜೆ.ಟಿ. ಜಾನ್‌ಸಿಂಗ್ ಅವರು. ಆನೆ, ಹುಲಿ ಎಂದು ಎಲ್ಲರೂ ಮುಗಿಬೀಳುವ ಕಾಡಿನಲ್ಲಿ ಅವರು ಆರಿಸಿಕೊಂಡದ್ದು ಸೀಳುನಾಯಿಯನ್ನು. ಅದಕ್ಕೆ ಕೆಲವೇ ವರ್ಷಗಳ ಹಿಂದಿನವರೆಗೂ ಸೀಳುನಾಯಿ ಕೊಂದವರಿಗೆ ಸರ್ಕಾರದಿಂದ ಇನಾಮು ಸಿಗುತ್ತಿತ್ತು. ಜಿಂಕೆಯನ್ನು ಜೀವ ಇರುವಾಗಲೇ ಹರಿದು ತಿನ್ನುವ ಪ್ರಾಣಿ, ಶಿಕಾರಿಯವರ ಪಾಲನ್ನು ಕದಿಯುವ ಪ್ರಾಣಿ ಎಂಬ ಅಪವಾದ ಅದರ ಮೇಲಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಇನಾಮು ನಿಂತಿತು, ಅಪವಾದ ನಿಲ್ಲಲಿಲ್ಲ.

ಸುಮಾರು ಎರಡು ವರ್ಷ ಜಾನ್‌ಸಿಂಗ್ ಆ ನಾಯಿಗಳ ಹಿಂದೆ ಓಡಾಡಿದರು, ಬಹುಪಾಲು ಕಾಲ್ನಡಿಗೆಯಲ್ಲಿ. ಗುಂಪು ಎಲ್ಲಿ ಮಲಗಿತು, ಎಷ್ಟು ಹೊತ್ತಿಗೆ ಎದ್ದಿತು, ಏನನ್ನು ಹಿಡಿಯಿತು, ಕೊಂದದ್ದು ಗಂಡೋ ಹೆಣ್ಣೋ, ಎಳೆಯದೋ ಮುದಿಯದೋ ಎಂದು ಬರೆದಿಟ್ಟುಕೊಂಡರು. ಗುಂಪಿನ ದೊಡ್ಡ ನಾಯಿಗಳು ಹೊಟ್ಟೆತುಂಬ ತಿಂದು ಬಂದು, ಗುಹೆಯ ಬಾಯಲ್ಲಿ ಮರಿಗಳಿಗೂ ತಾಯಿಗೂ ಕಕ್ಕಿ ಉಣಿಸುವುದನ್ನು ದಾಖಲಿಸಿದರು. ನಮ್ಮ ಕಾಡಿನಲ್ಲಿ ಸ್ವತಂತ್ರವಾಗಿ ತಿರುಗುವ ದೊಡ್ಡ ಬೇಟೆಪ್ರಾಣಿಯೊಂದನ್ನು ವಿಜ್ಞಾನದ ಶಿಸ್ತಿನಿಂದ ಗಮನಿಸಿದ ಭಾರತೀಯರಲ್ಲಿ ಅವರೇ ಮೊದಲಿಗರು ಎಂದು ಈಗ ಎಲ್ಲರೂ ಒಪ್ಪುತ್ತಾರೆ. ಪ್ರಾಣಿಶಾಸ್ತ್ರ ಎಂದರೆ ಮೇಣದ ತಟ್ಟೆಯಲ್ಲಿ ಜಿರಳೆಯನ್ನೂ ಕಪ್ಪೆಯನ್ನೂ ಗುಂಡುಸೂಜಿ ಚುಚ್ಚಿ ಮಲಗಿಸುವುದು ಎಂದಷ್ಟೇ ಇದ್ದ ಕಾಲದಲ್ಲಿ ಒಬ್ಬ ಮೇಷ್ಟ್ರು ಮಾಡಿದ ಕೆಲಸ ಇದು.

ನಾನೂ ಪ್ರಾಣಿಶಾಸ್ತ್ರದ ಅಧ್ಯಾಪಕಿ. ನಾಗರಹೊಳೆಗೆ ಹತ್ತಿರದ ಊರಲ್ಲಿ ಪಾಠ ಹೇಳುತ್ತಾ, ಪ್ರತಿ ಚಳಿಗಾಲ ಪದವಿ ವಿದ್ಯಾರ್ಥಿಗಳನ್ನು ಕಾಡಂಚಿಗೆ ಕರೆದುಕೊಂಡು ಹೋಗುವುದು ನನ್ನ ಬದುಕಿನ ಮುಖ್ಯ ಕೆಲಸವೇ ಆಯಿತು. ಬೇಟೆಪ್ರಾಣಿಗಳನ್ನು ಓದುವುದು ಹೇಗೆ ಎಂಬ ಆ ಶಿಬಿರದ ಮೊದಲ ಸಂಜೆ ನಾನು ಹೇಳುವುದು ಈ ವಿದ್ಯೆಯ ಚರಿತ್ರೆಯನ್ನು. ಒಂದು ಹುಲಿ ಇದೆ ಎಂದು ಹೇಳಲು ಎಷ್ಟು ಜನ, ಎಷ್ಟು ದಶಕ, ಎಷ್ಟು ವಾದ ಬೇಕಾಯಿತು ಎಂಬುದು ತಿಳಿದರೆ ಹುಡುಗರು ಮರುದಿನ ನೆಲ ನೋಡುವ ರೀತಿಯೇ ಬೇರೆಯಾಗುತ್ತದೆ.

ಮೊದಲಿಗೆ ಬಂದೂಕಿನ ಕಾಲ. ಮೈಸೂರು ಸೀಮೆಯಲ್ಲಿ ಆನೆ ಹಿಡಿಯುವ ಖೆಡ್ಡಾ ಶುರುಮಾಡಿದ ಜಿ.ಪಿ. ಸ್ಯಾಂಡರ್ಸನ್ 1878ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಚಾಮರಾಜನಗರದ ಸುತ್ತಿನ ಹುಲಿಗಳ ಬಗ್ಗೆ ಬಹಳ ಬರೆದಿದ್ದಾನೆ. ದನ ಹಿಡಿಯುವ ಹುಲಿ, ಕಾಡುಪ್ರಾಣಿಯನ್ನೇ ನಂಬಿದ ಹುಲಿ, ನರಭಕ್ಷಕ ಹುಲಿ ಎಂದು ಬೇರೆಬೇರೆಯಾಗಿ ನೋಡಿದವನು ಅವನು. ಬೆಳೆ ತಿನ್ನುವ ಜಿಂಕೆ, ಹಂದಿಗಳನ್ನು ಹುಲಿ ಹತೋಟಿಯಲ್ಲಿಡುತ್ತದೆ, ಆದ್ದರಿಂದ ಅದನ್ನು ವಿಷವಿಟ್ಟು ನಿರ್ವಂಶ ಮಾಡುವುದು ತಪ್ಪು ಎಂದು ಆ ಕಾಲಕ್ಕೇ ವಾದಿಸಿದ. ಸರ್ಕಾರದ ಕಿವಿಗೆ ಅದು ಬೀಳಲಿಲ್ಲ. ಚರಿತ್ರಕಾರ ಮಹೇಶ್ ರಂಗರಾಜನ್ ಅವರ ಲೆಕ್ಕದಂತೆ 1875ರಿಂದ 1925ರವರೆಗಿನ ಐವತ್ತೇ ವರ್ಷದಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ 80,000ಕ್ಕೂ ಹೆಚ್ಚು ಹುಲಿ, 1,50,000ಕ್ಕೂ ಹೆಚ್ಚು ಚಿರತೆ ಸತ್ತವು.

ಅವುಗಳಲ್ಲಿ ಎಷ್ಟೋ ಚರ್ಮಗಳು ಬಂದು ಇಳಿದದ್ದು ನಮ್ಮ ಮೈಸೂರಿನಲ್ಲೇ. ವ್ಯಾನ್ ಇಂಗೆನ್ ಕುಟುಂಬದ ಕಾರ್ಖಾನೆ ಇಪ್ಪತ್ತನೆಯ ಶತಮಾನದ ಆರಂಭದಿಂದ 1999ರವರೆಗೆ ನಡೆಯಿತು. ದೇಶದ ಮೂಲೆಮೂಲೆಯ ರಾಜರು, ಸಾಹೇಬರು ಹೊಡೆದ ಹುಲಿ, ಚಿರತೆಗಳು ಉಪ್ಪು ಸವರಿಸಿಕೊಂಡು ಇಲ್ಲಿಗೆ ಬಂದು, ಬಾಯಿ ತೆರೆದ ತಲೆಗಳಾಗಿ ವಾಪಸು ಹೋಗುತ್ತಿದ್ದವು. ಆ ಕುಶಲಕರ್ಮಿಗಳಿಗೆ ಹುಲಿಯ ತುಟಿಯ ಮಡಿಕೆ, ಕಿವಿಯ ಕೋನ, ಭುಜದ ಮಾಂಸಖಂಡ ಅಂಗೈಯಷ್ಟು ಪರಿಚಿತ. ಬೇಟೆಗಾರರಿಗೆ ಹುಲಿಯ ಉದ್ದ, ತೂಕ, ಗುಂಡು ತಾಗಬೇಕಾದ ಜಾಗ ಗೊತ್ತು. ಆದರೆ ಒಂದು ಹುಲಿಗೆ ಎಷ್ಟು ಕಾಡು ಬೇಕು, ವರ್ಷಕ್ಕೆ ಎಷ್ಟು ಜಿಂಕೆ ಬೇಕು, ಮರಿಗಳಲ್ಲಿ ಎಷ್ಟು ಬದುಕುತ್ತವೆ ಎಂಬ ಪ್ರಶ್ನೆಗೆ ಸತ್ತ ಹುಲಿ ಉತ್ತರ ಹೇಳುವಂತಿರಲಿಲ್ಲ.

ಬದುಕಿರುವ ಹುಲಿಯನ್ನು ಕೇಳುವ ಕೆಲಸ ನಮ್ಮ ದೇಶದಲ್ಲಿ ಸರಿಯಾಗಿ ಆರಂಭವಾದದ್ದು ಮಧ್ಯಪ್ರದೇಶದ ಕಾನ್ಹಾದಲ್ಲಿ. ಜಾರ್ಜ್ ಶಾಲರ್ 1963ರಿಂದ 1965ರವರೆಗೆ ಅಲ್ಲಿದ್ದು ಜಿಂಕೆ, ಹುಲಿಗಳನ್ನು ಒಟ್ಟಿಗೆ ನೋಡಿದರು. ಹುಲಿಯನ್ನು ಅರಿಯಬೇಕಾದರೆ ಅದು ತಿನ್ನುವ ಪ್ರಾಣಿಗಳನ್ನು ಮೊದಲು ಎಣಿಸಬೇಕು ಎಂಬ ದಾರಿ ಅಲ್ಲಿ ಬಿದ್ದಿತು. 1973ರಲ್ಲಿ ಹುಲಿ ಯೋಜನೆ ಬಂದಾಗ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದಾಯಿತು. ಪಕ್ಕದ ನಾಗರಹೊಳೆ ಕಾಕನಕೋಟೆಯ ಖೆಡ್ಡಾದ ಕಾಡು. ಅಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಕಬಿನಿ ಅಣೆಕಟ್ಟು ಕಟ್ಟಿ, ಖೆಡ್ಡಾ ನಡೆದ ಹೊಳೆದಂಡೆ ಹಿನ್ನೀರಲ್ಲಿ ಮುಳುಗಿತು.

ಕಾಡು ಉಳಿಸುವುದಾಯಿತು, ಹುಲಿ ಎಷ್ಟಿವೆ ಎಂದು ಹೇಳುವುದು ಹೇಗೆ? ಅದಕ್ಕೆ ಅರಣ್ಯ ಇಲಾಖೆ ನಂಬಿದ್ದು ಹೆಜ್ಜೆ ಗುರುತನ್ನು. 1934ರಷ್ಟು ಹಿಂದೆಯೇ ಈಗಿನ ಜಾರ್ಖಂಡಿನ ಪಲಾಮುವಿನಲ್ಲಿ ಜೆ.ಡಬ್ಲ್ಯು. ನಿಕೊಲ್ಸನ್ ಎಂಬ ಅರಣ್ಯಾಧಿಕಾರಿ ಹುಲಿ ಎಣಿಸುವ ಪ್ರಯತ್ನ ಮಾಡಿದ್ದರು. ಅದನ್ನು ಒಂದು ಪದ್ಧತಿಯಾಗಿ ಬೆಳೆಸಿದವರು ಒಡಿಶಾದ ಸರೋಜ್ ರಾಜ್ ಚೌಧುರಿ. 1972ರ ಅಖಿಲ ಭಾರತ ಗಣತಿ ಅವರ ಪದ್ಧತಿಯಲ್ಲೇ ನಡೆಯಿತು; 1,827 ಹುಲಿ ಎಂಬ ಸಂಖ್ಯೆ ಹೊರಬಿತ್ತು. ಆ ಸಂಖ್ಯೆಯೇ ದೇಶವನ್ನು ಎಚ್ಚರಿಸಿದ್ದು.

ಆ ಗಣತಿಯ ವಾರ ಕಾಡಂಚಿನ ಊರುಗಳಲ್ಲಿ ಹಬ್ಬದ ಗದ್ದಲ. ಗಾರ್ಡು, ವಾಚರ್, ಕೂಲಿಯಾಳು ಎಲ್ಲರೂ ಬೆಳಕು ಹರಿಯುವ ಮುನ್ನ ದಾರಿ ಹಿಡಿಯುತ್ತಿದ್ದರು. ಧೂಳಿನಲ್ಲಿ ಹೆಜ್ಜೆ ಕಂಡ ಕೂಡಲೇ ಅದರ ಮೇಲೆ ಕಾಲಿರುವ ಗಾಜಿನ ಚೌಕಟ್ಟು ಇಟ್ಟು, ಅಂಚನ್ನು ಪೆನ್ನಿನಿಂದ ಗಾಜಿಗೆ ಇಳಿಸಿ, ಅಲ್ಲಿಂದ ಕಾಗದಕ್ಕೆ ತೆಗೆಯುವುದು. ಹಿಂಗಾಲಿನ ಎಡಹೆಜ್ಜೆಯೇ ಆಗಬೇಕು. ಗಂಡಾದರೆ ಹೆಜ್ಜೆ ಚೌಕದಲ್ಲಿ ಕೂರುತ್ತದೆ, ಹೆಣ್ಣಾದರೆ ಉದ್ದನೆಯ ಆಯತದಲ್ಲಿ. ಚೆನ್ನಾದ ಹೆಜ್ಜೆ ಸಿಕ್ಕರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹುಯ್ದು ಅಚ್ಚು ತೆಗೆಯುತ್ತಿದ್ದರು. ರೇಂಜ್ ಆಫೀಸಿನ ಮೇಜಿನ ಮೇಲೆ ಕಾಗದಗಳನ್ನು ಹರಡಿ, ಇದು ಅದೇ ಹುಲಿ, ಇದು ಬೇರೆ ಹುಲಿ ಎಂದು ಹಿರಿಯ ಅಧಿಕಾರಿಗಳು ತೀರ್ಮಾನಿಸುತ್ತಿದ್ದರು. ಆ ಶ್ರಮ ಪ್ರಾಮಾಣಿಕವಾದದ್ದು. ಬೇಸಿಗೆಯ ಧೂಳಿನಲ್ಲಿ ಮೈಲುಗಟ್ಟಲೆ ನಡೆದವರ ಬೆವರನ್ನು ಕಡೆಗಣಿಸಿ ಮಾತಾಡುವುದು ನನಗೆ ಸಾಧ್ಯವಿಲ್ಲ.

ಆದರೆ ಪದ್ಧತಿ ಗಟ್ಟಿಯೇ ಎಂದು ಯಾರಾದರೂ ಒರೆಗೆ ಹಚ್ಚಿ ನೋಡಬೇಕಿತ್ತು. ನೋಡಿದವರು ಕೆ. ಉಲ್ಲಾಸ ಕಾರಂತರು. ಶಿವರಾಮ ಕಾರಂತರ ಮಗ, ಸುರತ್ಕಲ್ಲಿನಲ್ಲಿ ಓದಿದ ಮೆಕ್ಯಾನಿಕಲ್ ಎಂಜಿನಿಯರ್, ಕೃಷಿ ಮಾಡಿದವರು, ಆಮೇಲೆ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯಕ್ಕೆ ಹೋಗಿ ವನ್ಯಜೀವಿ ವಿಜ್ಞಾನ ಓದಿದವರು. ಸೆರೆಯಲ್ಲಿದ್ದ ನಾಲ್ಕೇ ಹುಲಿಗಳ 33 ಹೆಜ್ಜೆಚಿತ್ರ ತೆಗೆದು, ಅವು ಎಷ್ಟು ಹುಲಿಯವು ಎಂದು ಅನುಭವಸ್ಥ ಅಧಿಕಾರಿಗಳನ್ನು ಕೇಳಿದರು. ನಾಲ್ಕು ಎಂದು ಒಬ್ಬರೂ ಹೇಳಲಿಲ್ಲ. ಉತ್ತರಗಳು ಆರರಿಂದ ಇಪ್ಪತ್ತರ ಆಚೆಗೂ ಹರಡಿದ್ದವು. 1987ರಲ್ಲಿ ಇದು ಪ್ರಕಟವಾಯಿತು. ಅದೇ ಹುಲಿ ಮರಳಿನಲ್ಲಿ ಒಂದು ಹೆಜ್ಜೆ ಬಿಡುತ್ತದೆ, ಕೆಸರಿನಲ್ಲಿ ಇನ್ನೊಂದು. ನಡೆದರೆ ಒಂದು, ಓಡಿದರೆ ಮತ್ತೊಂದು. ಗಾಜಿನ ಮೇಲೆ ಗೆರೆ ಎಳೆಯುವ ಕೈಯೂ ಬೇರೆಬೇರೆ.

ಹೀಗೆ ಪ್ರಶ್ನೆ ಎತ್ತಿದವರು ಉತ್ತರ ಹುಡುಕಿದ್ದು ನಾಗರಹೊಳೆಯಲ್ಲಿ. ಅಲ್ಲಿ ಕೊಡಗಿನ ಕುಮಟೂರಿನ ಕೆ.ಎಂ. ಚಿಣ್ಣಪ್ಪ 1967ರಿಂದ ಅರಣ್ಯ ಇಲಾಖೆಯಲ್ಲಿದ್ದು, ಕಳ್ಳಬೇಟೆಯನ್ನೂ ಮರಕಡಿತವನ್ನೂ ಜೀವ ಪಣವಿಟ್ಟು ತಡೆದು, ಕಾಡು ಚೇತರಿಸಿಕೊಳ್ಳುವಂತೆ ಮಾಡಿದ್ದರು. 2024ರಲ್ಲಿ ಅವರು ತೀರಿಕೊಂಡಾಗ ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಹಿರಿಯರನ್ನು ಕಳೆದುಕೊಂಡ ದುಃಖವಿತ್ತು. ಅವರಂಥವರು ಕಾಯದೇ ಹೋಗಿದ್ದರೆ ಅಧ್ಯಯನ ಮಾಡಲು ಅಲ್ಲಿ ಏನೂ ಉಳಿಯುತ್ತಿರಲಿಲ್ಲ. 1986ರಲ್ಲಿ ಕಾರಂತರು ಅಲ್ಲಿ ಹುಲಿ, ಚಿರತೆ, ಸೀಳುನಾಯಿ ತಿನ್ನುವ ಪ್ರಾಣಿಗಳನ್ನು ಎಣಿಸತೊಡಗಿದರು.

ಆ ಎಣಿಕೆಯ ಕ್ರಮವನ್ನೇ ನನ್ನ ವಿದ್ಯಾರ್ಥಿಗಳೂ ಮೊದಲು ಕಲಿಯುವುದು. ಕಾಡಿನಲ್ಲಿ ಮೂರು ಕಿಲೋಮೀಟರ್ ಉದ್ದದ ನೇರವಾದ ಕಾಲುದಾರಿ; ಮರಗಳ ಮೇಲೆ ಬಣ್ಣದ ಗುರುತು. ಇದಕ್ಕೆ ಟ್ರಾನ್ಸೆಕ್ಟ್, ಆಡುಮಾತಿನಲ್ಲಿ ಲೈನ್, ಎನ್ನುತ್ತೇವೆ. ಹೊತ್ತು ಮೂಡುವಾಗ ಇಬ್ಬರು ಹೊರಡಬೇಕು. ಮಾತಿಲ್ಲ. ಮುಂದಿನವರು ಎದುರು ಮತ್ತು ಎಡ ನೋಡಿದರೆ ಹಿಂದಿನವರು ಬಲ ಮತ್ತು ಬೆನ್ನು ನೋಡಬೇಕು. ಜಿಂಕೆ ಹಿಂಡು ಕಂಡರೆ ನಿಂತು, ಎಷ್ಟಿವೆ ಎಂದು ಎಣಿಸಿ, ದಿಕ್ಸೂಚಿಯಲ್ಲಿ ಕೋನ ಓದಿ, ದೂರಮಾಪಕದಲ್ಲಿ ಎಷ್ಟು ಮೀಟರ್ ಎಂದು ನೋಡಿ ಬರೆಯಬೇಕು. ಹತ್ತಿರದ ಪ್ರಾಣಿ ಬಹುಪಾಲು ಕಣ್ಣಿಗೆ ಬೀಳುತ್ತದೆ, ದೂರ ಹೋದಂತೆ ತಪ್ಪಿಹೋಗುವುದು ಹೆಚ್ಚುತ್ತದೆ. ಹೇಗೆ ಹೆಚ್ಚುತ್ತದೆ ಎಂಬುದನ್ನು ಆ ದೂರಗಳ ಪಟ್ಟಿಯೇ ಹೇಳುತ್ತದೆ. ಅದರಿಂದ, ಕಾಣದೆ ಹೋದ ಪ್ರಾಣಿಗಳೆಷ್ಟು ಎಂಬುದಕ್ಕೆ ಲೆಕ್ಕ ಕಟ್ಟಬಹುದು. ನಾಗರಹೊಳೆಯಲ್ಲಿ ಚದರ ಕಿಲೋಮೀಟರಿಗೆ ಸುಮಾರು 50 ಜಿಂಕೆ ಇವೆ ಎಂಬುದು ಹೀಗೆ ನಡೆದು ನಡೆದು ಗೊತ್ತಾದ ಸಂಗತಿ.

ಚಳಿಗಾಲವನ್ನೇ ಆರಿಸಿಕೊಳ್ಳಲು ಕಾರಣವಿದೆ. ಮಳೆಗಾಲದಲ್ಲಿ ಜಿಗಣೆ, ಕೆಸರು; ಹುಲ್ಲು ಆನೆಯನ್ನೂ ಮುಚ್ಚುತ್ತದೆ. ಮಾರ್ಗಶಿರ ಕಳೆದು ಪುಷ್ಯ ಬರುವ ಹೊತ್ತಿಗೆ ಹುಲ್ಲು ಬಾಗಿರುತ್ತದೆ, ಮತ್ತಿ, ನಂದಿ, ತೇಗದ ಎಲೆ ಉದುರತೊಡಗಿ ಕಣ್ಣು ದೂರಕ್ಕೆ ಹಾಯುತ್ತದೆ. ದಾರಿಯ ಮಣ್ಣು ಪುಡಿಯಾಗಿ ಹೆಜ್ಜೆ ಚೆನ್ನಾಗಿ ಕೂರುತ್ತದೆ. ಕಾಡಿಗೆ ಬೆಂಕಿಯ ಭಯ ಶುರುವಾಗುವುದು ಇನ್ನೂ ಮುಂದೆ. ನಮ್ಮ ಸೆಮಿಸ್ಟರ್ ರಜವೂ ಅದೇ ಸಮಯಕ್ಕೆ ಬರುತ್ತದೆ.

ಒಮ್ಮೆ ಕಾಡಂಚಿನ ದಾರಿಯಲ್ಲಿ ಹುಲಿ ಹೆಜ್ಜೆ ಕಂಡು ಹುಡುಗರೆಲ್ಲ ಮುತ್ತಿಕೊಂಡರು. ಜೊತೆಗಿದ್ದವರು ಹಾಡಿಯ ಜೇನುಕುರುಬರ ಹಿರಿಯರು. ಇಲಾಖೆಯಲ್ಲಿ ವಾಚರ್ ಆಗಿ ದುಡಿದವರು. ಯಾವಾಗ ಹೋಗಿರಬಹುದು ಎಂದು ನಾನು ಕೇಳಿದೆ. ಅವರು ಕುಕ್ಕರಗಾಲಲ್ಲಿ ಕೂತು, ಹೆಜ್ಜೆಯನ್ನು ಮುಟ್ಟದೆ ಬೆರಳಿಟ್ಟು ತೋರಿಸಿದರು.

“ಇಬ್ಬನಿ ಸುರಿಯಾಕೆ ಮುಂಚೆ ಹೋಗದೆ ಅಮ್ಮೋರೆ. ನೋಡಿ, ಹೆಜ್ಜೆ ಒಳಗೇ ಮರದ ಹನಿ ಬಿದ್ದು ಗುಳಿ ಬಿದ್ದವೆ. ಆಮೇಕೆ ಹೋಗಿದ್ರೆ ಈ ಗುಳಿ ತುಳುದು ಹೋಗ್ತಿತ್ತು.”

ಮೇಲೆ ನೋಡಿದರೆ ತೇಗದ ದೊಡ್ಡ ಎಲೆ, ಅದರ ತುದಿಯಿಂದ ಇನ್ನೂ ಹನಿ ತೊಟ್ಟಿಕ್ಕುತ್ತಿತ್ತು. ಹೆಜ್ಜೆಯ ಮೆತ್ತೆಯ ಗುರುತಿನ ಮಧ್ಯೆ ಸಾಸಿವೆ ಗಾತ್ರದ ನಾಲ್ಕಾರು ಗುಳಿಗಳು. ಅವುಗಳನ್ನು ಅಡ್ಡ ಹಾಯ್ದು ಒಂದು ಇರುವೆಸಾಲು. ಸ್ವಲ್ಪ ಮುಂದೆ ಹಿಂಗಾಲಲ್ಲಿ ಕೆರೆದ ಗುರುತು. ಹುಲ್ಲು ಒಂದು ಪಕ್ಕಕ್ಕೆ ಗುಡ್ಡೆ ಬಿದ್ದಿತ್ತು. “ಮೂಸಿ ನೋಡಿ” ಎಂದರು. ಒಬ್ಬಳು ವಿದ್ಯಾರ್ಥಿನಿ ಬಗ್ಗಿ ಮೂಸಿ, “ಮೇಡಂ, ಗಂಧಸಾಲೆ ಅನ್ನದ ವಾಸನೆ” ಎಂದಳು. ನಿಜ, ಹುಲಿ ಚಿಮ್ಮಿಸುವ ಮೂತ್ರದಲ್ಲಿ ಪರಿಮಳದ ಅಕ್ಕಿಯಲ್ಲಿರುವ ಸಂಯುಕ್ತವೇ ಇದೆ ಎಂದು ರಸಾಯನಶಾಸ್ತ್ರದವರು ತೋರಿಸಿದ್ದಾರೆ. ಹಾಡಿಯ ಹಿರಿಯರಿಗೆ ಆ ವಾಸನೆ ಮೊದಲಿಂದ ಗೊತ್ತು.

ಸ್ಯಾಂಡರ್ಸನ್‌ಗೂ ಮುಂಚಿನಿಂದ, ಶಿಕಾರಿಯವರು, ಖೆಡ್ಡಾದವರು, ಅರಣ್ಯ ಇಲಾಖೆಯವರು, ವಿಜ್ಞಾನಿಗಳು ಎಲ್ಲರೂ ಕಾಡಿಗೆ ಕಾಲಿಟ್ಟದ್ದು ಕುರುಬರ ಬೆನ್ನಹಿಂದೆ. ಕಾಡು ರಾಷ್ಟ್ರೀಯ ಉದ್ಯಾನವಾದಾಗ ಅವರ ಹಾಡಿಗಳಲ್ಲಿ ಎಷ್ಟೋ ಹೊರಗೆ ಬಂದವು. ಬಂದದ್ದು ಸರಿಯೇ, ಹೇಗೆ ಬಂದವು, ಬಂದವರಿಗೆ ನ್ಯಾಯ ಸಿಕ್ಕಿತೇ ಎಂಬುದು ಇಂದಿಗೂ ಮುಗಿಯದ ವ್ಯಾಜ್ಯ. ಆದರೆ ಈ ವಿದ್ಯೆಯ ಮೊದಲ ಗುರುಗಳು ಯಾರು ಎಂಬುದರಲ್ಲಿ ವ್ಯಾಜ್ಯವಿಲ್ಲ. ಆದ್ದರಿಂದ ನಮ್ಮ ಶಿಬಿರದಲ್ಲಿ ಅವರು ಗಾಡಿ ಹತ್ತುವ ಕೂಲಿಯಾಳಲ್ಲ, ಪಾಠ ಹೇಳುವ ಮೇಷ್ಟ್ರು. ನನಗೆ ಕೊಡುವ ಗೌರವಧನದಷ್ಟೇ ಅವರಿಗೂ ಸಲ್ಲಬೇಕು ಎಂದು ಕಾಲೇಜಿನಲ್ಲಿ ಹಟ ಹಿಡಿದು ನಡೆಸಿಕೊಂಡು ಬಂದಿದ್ದೇನೆ.

ಎರಡನೆಯ ಪಾಠ ಮಲದ್ದು. ಮೊದಮೊದಲು ಹುಡುಗರು ಮೂಗು ಮುಚ್ಚುತ್ತಾರೆ. ಎರಡೇ ದಿನದಲ್ಲಿ ಅದಕ್ಕಾಗಿ ಜಗಳವಾಡುತ್ತಾರೆ. ಇಲಾಖೆಯ ಅನುಮತಿ ಪತ್ರದೊಂದಿಗೆ, ದಾರಿಯಲ್ಲಿ ಸಿಕ್ಕ ಹುಲಿ, ಚಿರತೆ, ಸೀಳುನಾಯಿಯ ಮಲವನ್ನು ಕಾಗದದ ಚೀಲಕ್ಕೆ ಹಾಕಿ, ಜಾಗ, ತಾರೀಖು, ಪಕ್ಕದ ಹೆಜ್ಜೆ ಗುರುತು ಬರೆದುಕೊಳ್ಳುತ್ತೇವೆ. ಆಮೇಲೆ ನೆನೆಹಾಕಿ, ಜರಡಿಯಲ್ಲಿ ನಲ್ಲಿ ನೀರು ಬಿಟ್ಟು ತೊಳೆಯುವುದು. ಮಣ್ಣಿನ ಬಣ್ಣದ ನೀರೆಲ್ಲ ಹೋದ ಮೇಲೆ ಜರಡಿಯಲ್ಲಿ ಉಳಿಯುವುದು ಕೂದಲು, ಮೂಳೆಯ ಚೂರು, ಗೊರಸಿನ ತುಂಡು, ಒಮ್ಮೊಮ್ಮೆ ಮುಳ್ಳುಹಂದಿಯ ಮುಳ್ಳು. ಕೂದಲನ್ನು ಒಣಗಿಸಿ ಗಾಜಿನ ಸ್ಲೈಡಿಗೆ ಏರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಗಿನ ತಿರುಳಿನ ಜೋಡಣೆ ಕಾಣುತ್ತದೆ. ಕಡವೆಯದು ಒಂದು ಬಗೆ, ಕಾಟಿಯದು ಇನ್ನೊಂದು, ಹಂದಿಯದು ಮಗದೊಂದು. ಸಣ್ಣ ಪ್ರಾಣಿಯಲ್ಲಿ ಮಾಂಸಕ್ಕೆ ಹೋಲಿಸಿದರೆ ಕೂದಲು ಹೆಚ್ಚು, ಹಾಗಾಗಿ ಮಲದಲ್ಲಿ ಅದು ತನ್ನ ಪಾಲಿಗಿಂತ ಹೆಚ್ಚು ಸಲ ಕಾಣಿಸಿಕೊಳ್ಳುತ್ತದೆ; ಅದನ್ನೂ ಲೆಕ್ಕದಲ್ಲಿ ಸರಿಪಡಿಸಬೇಕು.

ಹೀಗೆ ಮಲ ತೊಳೆದೇ ಕಾರಂತರೂ ಅವರ ಗುರು ಮೆಲ್ ಸನ್‌ಕ್ವಿಸ್ಟರೂ 1995ರಲ್ಲಿ ಪ್ರಕಟಿಸಿದ ಪ್ರಬಂಧ ನನಗೆ ಇಂದಿಗೂ ಅಚ್ಚುಮೆಚ್ಚು. ಒಂದೇ ಕಾಡಿನಲ್ಲಿ ಮೂರು ದೊಡ್ಡ ಬೇಟೆಪ್ರಾಣಿಗಳು ಹೇಗೆ ಬಾಳುತ್ತವೆ ಎಂಬುದಕ್ಕೆ ಅದರಲ್ಲಿ ಉತ್ತರವಿದೆ. ನಾಗರಹೊಳೆಯಲ್ಲಿ ಹುಲಿ ಕೊಲ್ಲುವ ಪ್ರಾಣಿಯ ಸರಾಸರಿ ತೂಕ 91.5 ಕಿಲೋ. ಸೀಳುನಾಯಿಯದು 43.4, ಚಿರತೆಯದು 37.6. ಹುಲಿ ಕಾಟಿಯ ಮೇಲೆ, ಕಡವೆಯ ಮೇಲೆ ಕಣ್ಣಿಟ್ಟರೆ, ಉಳಿದೆರಡು ಜಿಂಕೆ ಗಾತ್ರದವನ್ನು ಹುಡುಕುತ್ತವೆ. ಎಲ್ಲ ಗಾತ್ರದ ಬೇಟೆಯೂ ಸಮೃದ್ಧವಾಗಿರುವ ತನಕ ಮೂವರಿಗೂ ಊಟವುಂಟು. ದೊಡ್ಡ ಪ್ರಾಣಿಗಳು ಕಳ್ಳಬೇಟೆಗೆ ಹೋದರೆ ಹುಲಿ ಕೆಳಗಿನ ಪಂಕ್ತಿಗೆ ಇಳಿಯಬೇಕು, ಆಗ ಚಿರತೆ ಊರಿನ ಕಡೆ ತಿರುಗಬೇಕು. ಕಾಡಂಚಿನಲ್ಲಿ ಕರು ಕಳೆದುಕೊಂಡ ರೈತನ ಮನೆಯಿಂದ ಬಂದ ವಿದ್ಯಾರ್ಥಿಗೆ ಈ ಮೂರು ಸಂಖ್ಯೆಗಳು ಪರೀಕ್ಷೆಗೆ ಬಾಯಿಪಾಠ ಮಾಡುವ ಅಂಕಿಗಳಾಗಿ ಉಳಿಯುವುದಿಲ್ಲ.

1990ರಲ್ಲಿ ನಾಗರಹೊಳೆಯ ಹುಲಿಗಳ ಕೊರಳಿಗೆ ರೇಡಿಯೊ ಪಟ್ಟಿ ಬಿತ್ತು. ಈ ವಿದ್ಯೆ ಬಂದದ್ದು ನೇಪಾಳದ ಚಿತ್ವನದಿಂದ. ಅಲ್ಲಿ 1973ರಲ್ಲಿ ಆರಂಭವಾದ ಅಧ್ಯಯನದಲ್ಲಿ ಸನ್‌ಕ್ವಿಸ್ಟರೂ ದುಡಿದಿದ್ದರು. ಹುಲಿ ಬೇಟೆ ಹೊಡೆದು ಮಲಗಿದ ಕಡೆ ಎರಡೂ ಪಕ್ಕ ಬಿಳಿ ಬಟ್ಟೆಯ ಗೋಡೆ ಕಟ್ಟಿ, ಅದು ಕಿರಿದಾಗುವ ತುದಿಯಲ್ಲಿ ಮರದ ಮೇಲೆ ಅರಿವಳಿಕೆ ಬಂದೂಕು ಹಿಡಿದು ಕೂರುವುದು. ಹಿಂದಿನಿಂದ ಸಣ್ಣಗೆ ಸದ್ದು ಮಾಡಿದರೆ ಹುಲಿ ಎದ್ದು ನಡೆಯುತ್ತದೆ. ಹಾರಿ ದಾಟಬಹುದಾದ, ಉಗುರಿಗೆ ಹರಿದುಹೋಗುವ ಬಟ್ಟೆಯನ್ನು ಅದು ದಾಟುವುದಿಲ್ಲ. ಅದರ ಗುಂಟವೇ ಸಾಗುತ್ತದೆ. ರಾಜರ ಶಿಕಾರಿಯಲ್ಲಿ ಕೊಲ್ಲಲು ಬಳಸಿದ ಉಪಾಯ ಹುಲಿಯನ್ನು ಬದುಕಿಸುವ ವಿಜ್ಞಾನಕ್ಕೆ ಬಂತು. ಸುಂದರಿ ಎಂಬ ಹೆಣ್ಣುಹುಲಿಯ ಓಡಾಟ ಪಟ್ಟಿಯ ಸಂಕೇತದಿಂದ ನಕ್ಷೆಯ ಮೇಲೆ ಮೂಡಿದಾಗ, ಹುಲಿಯೊಂದರ ಸಂಸಾರಕ್ಕೆ ಎಷ್ಟು ನೆಲ ಬೇಕು ಎಂಬುದು ಊಹೆಯಿಂದ ಹೊರಬಂತು.

ಆದರೆ ಪಟ್ಟಿ ಹಾಕಿದ ನಾಲ್ಕಾರು ಹುಲಿ ಇಡೀ ಕಾಡಿನ ಲೆಕ್ಕ ಹೇಳಲಾರವು. ಲೆಕ್ಕ ಹೇಳಿದ್ದು ಹುಲಿಯ ಪಟ್ಟೆ. ಎರಡು ಹುಲಿಯ ಪಟ್ಟೆ ಒಂದೇ ತೆರನಾಗಿರುವುದಿಲ್ಲ. ಉತ್ತರದ ಕಾಡುಗಳಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್.ಡಬ್ಲ್ಯು. ಚಾಂಪಿಯನ್ ದಾರಿಗೆ ತಂತಿ ಕಟ್ಟಿ, ಹುಲಿಯೇ ತುಳಿದು ತನ್ನ ಚಿತ್ರ ತೆಗೆದುಕೊಳ್ಳುವಂತೆ ಮಾಡಿದ್ದರು. ಅವರ ಪುಸ್ತಕ ಬಂದದ್ದು 1927ರಲ್ಲಿ. ಅದೇ ಉಪಾಯವನ್ನು ಕಾರಂತರು 1991ರಿಂದ ಎಣಿಕೆಗೆ ಒಗ್ಗಿಸಿದರು. ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ, ಮೊಣಕಾಲೆತ್ತರದಲ್ಲಿ. ಹುಲಿಯ ಎಡಮೈ ಬೇರೆ, ಬಲಮೈ ಬೇರೆಯಾದ್ದರಿಂದ ಎರಡೂ ಬೇಕು. ಆಗ ಇದ್ದದ್ದು ಫಿಲ್ಮ್ ರೋಲು. 36 ಚಿತ್ರ ಮುಗಿದರೆ ಕ್ಯಾಮೆರಾ ಕುರುಡು. ಜಿಂಕೆ ಹಿಂಡು ಹಾದುಹೋದರೆ ರೋಲೇ ಖಾಲಿ. ಆನೆಗಳು ಕಿತ್ತೆಸೆದದ್ದಕ್ಕೆ ಲೆಕ್ಕವಿಲ್ಲ.

ಚಿತ್ರಗಳಿಂದ ಸಂಖ್ಯೆ ಬರುವ ಬಗೆಯನ್ನು ನಾನು ಹುಡುಗರಿಗೆ ಹುರುಳಿಕಾಳಿನಲ್ಲಿ ತೋರಿಸುತ್ತೇನೆ. ಚೀಲದಿಂದ ಒಂದು ಹಿಡಿ ಕಾಳು ತೆಗೆದು ಸುಣ್ಣ ಹಚ್ಚಿ ಮತ್ತೆ ಬೆರೆಸಬೇಕು. ಇನ್ನೊಂದು ಹಿಡಿ ತೆಗೆದಾಗ ಅದರಲ್ಲಿ ಅರ್ಧ ಸುಣ್ಣದ ಕಾಳು ಬಂದರೆ, ಚೀಲದಲ್ಲಿ ಮೊದಲ ಹಿಡಿಯ ಎರಡರಷ್ಟು ಕಾಳಿದೆ. ಹುಲಿಯಲ್ಲಿಯೂ ಹಾಗೆಯೇ: ಮೊದಲ ಸುತ್ತಿನಲ್ಲಿ ಹತ್ತು ಹುಲಿ, ಎರಡನೆಯದರಲ್ಲಿ ಹತ್ತು, ಅವುಗಳಲ್ಲಿ ಐದು ಹಳೆಯವೇ ಆದರೆ ಕಾಡಿನಲ್ಲಿ ಸುಮಾರು ಇಪ್ಪತ್ತು. ಡೆನ್ಮಾರ್ಕಿನ ಪೀಟರ್ಸೆನ್ ಮೀನಿನಲ್ಲಿ, ಅಮೆರಿಕದ ಲಿಂಕನ್ ಬಾತುಕೋಳಿಯಲ್ಲಿ ಬಳಸಿದ ಲೆಕ್ಕ ಇದು. ಜೇಮ್ಸ್ ನಿಕೋಲ್ಸ್ ಎಂಬ ಅಮೆರಿಕದ ವಿಜ್ಞಾನಿಯೊಂದಿಗೆ ಸೇರಿ ಕಾರಂತರು ಅದನ್ನು ಹುಲಿಗೆ ಹೊಂದಿಸಿದರು. 1991ರಿಂದ 2000ದವರೆಗೆ ನಾಗರಹೊಳೆಯಲ್ಲಿ ಕ್ಯಾಮೆರಾಗೆ ಸಿಕ್ಕ ಬೇರೆಬೇರೆ ಹುಲಿಗಳು 74. ವರ್ಷಕ್ಕೆ ಸರಿಸುಮಾರು ಕಾಲು ಪಾಲು ಹುಲಿಗಳು ಸಾಯುತ್ತವೆ ಇಲ್ಲವೇ ಬೇರೆ ಕಡೆ ಹೋಗುತ್ತವೆ. ಆದರೂ ಸಂಖ್ಯೆ ಕುಸಿಯುವುದಿಲ್ಲ. ಬೇಟೆ ಸಮೃದ್ಧವಾಗಿದ್ದು ಕಾವಲು ಬಿಗಿಯಾಗಿದ್ದರೆ ಮರಿಗಳು ಆ ಜಾಗ ತುಂಬುತ್ತವೆ.

ಇಷ್ಟೆಲ್ಲ ನಮ್ಮ ಕಾಡಿನಲ್ಲಿ ರುಜುವಾತಾಗಿದ್ದರೂ ದೇಶದ ಗಣತಿ ಹೆಜ್ಜೆಯನ್ನೇ ನಂಬಿಕೊಂಡಿತ್ತು. 2001–02ರ ಲೆಕ್ಕದಲ್ಲಿ 3,642 ಹುಲಿ. ಅಷ್ಟರಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲಿದ್ದ ಹುಲಿಗಳು ಕಾಡಿನಲ್ಲಿ ಒಂದೂ ಇಲ್ಲ ಎಂಬುದು 2005ರಲ್ಲಿ ಬಯಲಾಯಿತು. ಪ್ರಧಾನಮಂತ್ರಿಗಳು ಕಾರ್ಯಪಡೆ ನೇಮಿಸಿದರು. ಹೆಜ್ಜೆ ಗಣತಿ ಬಿಟ್ಟು, ಕ್ಯಾಮೆರಾ, ಬೇಟೆಪ್ರಾಣಿಗಳ ಎಣಿಕೆ, ಸುಳಿವುಗಳ ಸಮೀಕ್ಷೆ ಸೇರಿದ ಹೊಸ ಪದ್ಧತಿ ಬಂತು. 2006ರ ಆ ಅಂದಾಜು 1,411. ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಇಷ್ಟು ಹುಲಿ ಸತ್ತವು ಎನ್ನುವಂತಿಲ್ಲ, ಅಳತೆಗೋಲೇ ಬೇರೆ. ಕೆಟ್ಟ ಅಳತೆಗೋಲು ಹಿಡಿದರೆ ನಷ್ಟವಾದದ್ದೂ ಗೊತ್ತಾಗುವುದಿಲ್ಲ ಎಂಬುದೇ ಸರಿಸ್ಕಾ ಕಲಿಸಿದ್ದು. 2022ರ ಅಂದಾಜಿನಂತೆ ಕರ್ನಾಟಕದಲ್ಲಿ 563 ಹುಲಿ, ನಾಗರಹೊಳೆಯೊಂದರಲ್ಲೇ 141.

ಈ ಚರಿತ್ರೆಯಲ್ಲಿ ಕಾಲೇಜು ಹುಡುಗ ಹುಡುಗಿಯರ ಪಾಲು ದೊಡ್ಡದು. ತೊಂಬತ್ತರ ದಶಕದಲ್ಲಿ ಟ್ರಾನ್ಸೆಕ್ಟ್ ನಡೆದವರಲ್ಲಿ ಮೈಸೂರು, ಬೆಂಗಳೂರಿನ ವಿದ್ಯಾರ್ಥಿಗಳು, ಎಂಜಿನಿಯರುಗಳು, ಕಾಫಿ ಬೆಳೆಗಾರರು, ಬ್ಯಾಂಕ್ ನೌಕರರು ಇದ್ದರು. ಸ್ವಂತ ರಜ ಹಾಕಿ, ಚಾಪೆ ಮೇಲೆ ಮಲಗಿ, ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ನಡೆದರು. 2004ರ ಸುಮಾರಿಗೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ವನ್ಯಜೀವಿ ವಿಜ್ಞಾನದ ಸ್ನಾತಕೋತ್ತರ ಕೋರ್ಸ್ ಆರಂಭವಾಗಿ, ಕಾಡೇ ತರಗತಿಯಾಯಿತು. ಜಾನ್‌ಸಿಂಗ್ ಅವರೂ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿ ತಲೆಮಾರುಗಳನ್ನು ನಡೆಸಿ ನಡೆಸಿಯೇ ಕಲಿಸಿದರು. 2024ರಲ್ಲಿ ಅವರೂ ಹೋದರು.

ನಮ್ಮಂಥ ಸಣ್ಣ ಊರಿನ ಕಾಲೇಜಿಗೆ ಇದು ಬಂದದ್ದು ನಿಧಾನವಾಗಿ. ಮೊದಮೊದಲು ಹೆಣ್ಣುಮಕ್ಕಳನ್ನು ಕಳಿಸಲು ಮನೆಯವರು ಒಪ್ಪುತ್ತಿರಲಿಲ್ಲ. ಮನೆಮನೆಗೆ ಹೋಗಿ ಕೂತು, ಕಾಫಿ ಕುಡಿದು, “ನನ್ನ ಮಗಳ ಥರ ನೋಡ್ಕೋತೀನಿ ಅಣ್ಣ” ಎಂದು ಮಾತು ಕೊಟ್ಟು ಕರೆತಂದಿದ್ದೇನೆ. ಅವರಲ್ಲಿ ಒಬ್ಬಳು ಈಗ ಅರಣ್ಯ ಇಲಾಖೆಯಲ್ಲಿ ಗಾರ್ಡ್. ಚೆಕ್‌ಪೋಸ್ಟಿನಲ್ಲಿ ಸಮವಸ್ತ್ರ ತೊಟ್ಟು ಸೆಲ್ಯೂಟ್ ಹೊಡೆದು, “ಮೇಡಂ, ಲೈನ್ ನಡೆಯೋದು ನಾನೇ ಹೇಳಿಕೊಡ್ತಿದೀನಿ ಹೊಸಬರಿಗೆ” ಎಂದಾಗ ನನ್ನ ಕಣ್ಣು ತುಂಬಿತು.

ಈಗ ಕೆಲವರು ಕೇಳುತ್ತಾರೆ: ಕ್ಯಾಮೆರಾ ತಾನೇ ಚಿತ್ರ ತೆಗೆಯುತ್ತದೆ, ಕಂಪ್ಯೂಟರ್ ಪಟ್ಟೆ ಗುರುತಿಸುತ್ತದೆ, ಇನ್ನು ಹುಡುಗರನ್ನು ಚಳಿಯಲ್ಲಿ ನಡೆಸುವುದೇಕೆ? ನನ್ನ ಉತ್ತರ ಲೆಕ್ಕದಲ್ಲೇ ಇದೆ. ಒಂದು ಹುಲಿಗೆ ವಾರಕ್ಕೊಂದರಂತೆ ವರ್ಷಕ್ಕೆ ಸುಮಾರು 50 ದೊಡ್ಡ ಬೇಟೆ ಬೇಕು. ಹಿಂಡು ಕುಗ್ಗದಂತೆ ಹತ್ತರಲ್ಲಿ ಒಂದನ್ನಷ್ಟೇ ತಿನ್ನಬಹುದು. ಅಂದರೆ ಪ್ರತಿ ಹುಲಿಯ ಹಿಂದೆ 500 ಜಿಂಕೆ, ಕಡವೆ, ಕಾಟಿ, ಹಂದಿಗಳು ಇರಲೇಬೇಕು. ಕ್ಯಾಮೆರಾದ ಮುಂದೆ ಹುಲಿ ಹಾದುಹೋಗುವಾಗ ಆ 500 ಎಲ್ಲಿವೆ, ಕಾಡಿನ ನಡುವಿನ ಜೌಗು ಬಯಲಾದ ಹಡ್ಲಿನ ಹುಲ್ಲು ಹೇಗಿದೆ, ಲಾಂಟಾನ ಎಷ್ಟು ನೆಲ ನುಂಗಿದೆ, ಉರುಳು ಎಲ್ಲಿ ಕಟ್ಟಿದೆ ಎಂಬುದು ಆ ಚಿತ್ರದಲ್ಲಿ ಸಿಗುವುದಿಲ್ಲ. ಅದಕ್ಕೆ ನಡೆದ ಕಣ್ಣೇ ಬೇಕು.

ಕಾಡಂಚಿನ ಎಲ್ಲ ಕಾಲೇಜುಗಳಲ್ಲೂ, ಹುಣಸೂರಿನಿಂದ ಗುಂಡ್ಲುಪೇಟೆಯವರೆಗೆ, ಪೊನ್ನಂಪೇಟೆಯಿಂದ ತರೀಕೆರೆಯವರೆಗೆ, ಚಳಿಗಾಲದಲ್ಲಿ ಇಂಥ ಒಂದು ಶಿಬಿರ ಪಠ್ಯದ ಭಾಗವಾಗಬೇಕು. ಹಾಡಿಯ ಹಿರಿಯರಿಗೆ ಅದರಲ್ಲಿ ಅಧ್ಯಾಪಕರ ಸ್ಥಾನ ಸಿಗಬೇಕು. ವರ್ಷವರ್ಷವೂ ಅದೇ ದಾರಿ ನಡೆದು ಬರೆದ ಪುಸ್ತಕಗಳನ್ನು ಕಾಲೇಜಿನಲ್ಲೇ ಜೋಪಾನ ಮಾಡಿ, ಒಂದು ಪ್ರತಿಯನ್ನು ಇಲಾಖೆಗೂ ಇನ್ನೊಂದನ್ನು ಗ್ರಾಮ ಪಂಚಾಯಿತಿಗೂ ಕೊಡಬೇಕು. ಕಾಡಿನ ಆಗುಹೋಗಿನ ಲೆಕ್ಕ ರಾಜಧಾನಿಯಿಂದ ನಾಲ್ಕು ವರ್ಷಕ್ಕೊಮ್ಮೆ ಬರುವ ಒಂದು ಸಂಖ್ಯೆಯಲ್ಲಿ ಮುಗಿಯಬಾರದು. ಅದರ ನೆರಳಲ್ಲಿ ಬದುಕುವ ಮಕ್ಕಳೇ ಆ ಲೆಕ್ಕ ಬರೆಯಬಲ್ಲವರಾಗಬೇಕು. ತಾವೇ ಎಣಿಸಿದ ಕಾಡನ್ನು ಅವರು ಸುಲಭಕ್ಕೆ ಯಾರಿಗೂ ಬಿಟ್ಟುಕೊಡುವುದಿಲ್ಲ.